ಈ ವರ್ಷದ ಪ್ರಾತ್ಯಕ್ಷಿಕೆ

ಸೀಮೆಸುಣ್ಣ ಬಿದ್ದದ್ದು ಕೇಳಿಸಿತು, ಕೈಬಿಟ್ಟದ್ದು ಗೊತ್ತಾಗಲಿಲ್ಲ, ಹಲಗೆಯ ಮೇಲೆ ಗುಂಪು ಎಂದು ಬರೆಯಹೊರಟ ಪ್ರೊಫೆಸರರ ಬಲಗೈ ಮೊದಲಕ್ಷರಕ್ಕೇ ಇಳಿದು ಬೇರೆ ಯಾರದೋ ಕೈಯಂತೆ ತೂಗುತ್ತಿದೆ, ಕಾಲೂ ಅದರ ಹಿಂದೆಯೇ ಹೊರಟಿತು, ಮೇಜು ಹಿಡಿಯಬೇಕು, ಎಲ್ಲಿ, ಇಲ್ಲೇ ಇತ್ತಲ್ಲ — ಕೆನ್ನೆಗೆ ನೆಲ ತಣ್ಣಗಿದೆ, ಬೆಂಚುಗಳ ಕೆಳಗೆ ಸಾಲುಸಾಲು ಚಪ್ಪಲಿ, ಯಾರದೋ ಕಾಲ ಬಳಿ ನೀಲಿ ಮುಚ್ಚಳದ ನೀರಿನ ಬಾಟಲಿ, ಮೇಲೆ ಯಾರೋ ಕಿಸಕ್ಕೆಂದರು. ಲೋ, ಶುರುವಾಯ್ತು ನೋಡೋ. ಸೀನಿಯರ್ಸ್ ಹೇಳಿದ್ರಲ್ಲ, ಈ ಪಾಠಕ್ಕೆ ಬೀಳ್ತಾರೆ ಅಂತ. ಹೌದು, ಪ್ರತಿ ವರ್ಷ ಬೀಳುತ್ತಿದ್ದರು, ಜನ ಹೆಚ್ಚಿದ್ದಷ್ಟೂ ನೆರವಿಗೆ ಬರುವವರು ಕಡಿಮೆ ಏಕೆಂದು ತೋರಿಸಲು, ಮೊಣಕಾಲು ಮಡಿಸಿ, ಪೆಟ್ಟಾಗದ ಹಾಗೆ, ಆಮೇಲೆ ಎದ್ದು ಪ್ಯಾಂಟು ಕೊಡವಿ, ನೋಡಿ, ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರಿ ಅಷ್ಟೆ — ಚಪ್ಪಾಳೆ. ಇದೆಲ್ಲ ಶುರುವಾದದ್ದು ಹೆಂಡತಿಯ ಚೀಲದಿಂದ, ಮದುವೆಯಾದ ಹೊಸತು, ಬಸ್‌ಸ್ಟಾಪಿನಲ್ಲಿ ಅವಳು ಟೊಮೇಟೊ ಚೀಲ ಬೀಳಿಸುವುದು, ಯಾರು ಬಗ್ಗಿ ಹೆಕ್ಕಿಕೊಟ್ಟರೆಂದು ಇವರು ಕಂಬದ ಮರೆಯಲ್ಲಿ ಗುರುತು ಹಾಕಿಕೊಳ್ಳುವುದು, ರಾತ್ರಿ ಊಟಕ್ಕೂ ಅವೇ ಜಜ್ಜಿದ ಟೊಮೇಟೊ, ಬೀಳ್ಸೋಳು ನಾನು, ಡಾಕ್ಟರೇಟು ನಿಮ್ಗೆ, ಚೆನ್ನಾಗಿದೆ ರೀ ನ್ಯಾಯ, ಎಂದು ನಗುತ್ತಿದ್ದವಳು ಇವತ್ತು ಬೆಳಗ್ಗೆ ಬಾಗಿಲಲ್ಲಿ ನಗಲಿಲ್ಲ, ಈ ವಯಸ್ಸಲ್ಲಿ ಇನ್ನೂ ಬೀಳೋದೇನ್ರೀ, ನಿಜವಾಗ್ಲೂ ಬಿದ್ರೆ ಯಾರು ನಂಬ್ತಾರೆ. ಹೇಳಬೇಕು, ನಾಟಕ ಅಲ್ಲ ಎನ್ನಬೇಕು, ನಾಲಗೆ ಒದ್ದೆ ಬಟ್ಟೆಯಂತೆ ಮುದ್ದೆಯಾಗಿದೆ, ನಾ — ನಾ — ಹಿಂದಿನ ಬೆಂಚು ಹೋ ಎಂದಿತು, ಬಿದ್ದ ಮೇಲೆ ಪ್ರತಿ ಸಲ ಹೇಳುತ್ತಿದ್ದುದೂ ಅದನ್ನೇ ಅಲ್ಲವೆ, ನಾಟಕ ಅಲ್ಲಪ್ಪಾ, ನಿಜ, ಯಾರಾದ್ರೂ ಬನ್ನಿ, ಅನುಮಾನ ಬರದಿರಲೆಂದು ತಾವೇ ಸೇರಿಸಿದ್ದ ಮಾತು, ಈಗ ಬಾಯಿಗೆ ಬಂದರೂ ಅದು ಸುಳ್ಳೇ. ಬಾಟಲಿಯನ್ನು ಒಂದು ಕೈ ಎತ್ತಿಕೊಂಡಿತು, ಅವಳೇ, ಎಲ್ಲರೂ ಆಂಬುಲೆನ್ಸ್ ಎಂದು ಕರೆಯುವ ಹುಡುಗಿ, ಹೋದ ವರ್ಷ ಇಡೀ ಕ್ಲಾಸಿನಲ್ಲಿ ಒಬ್ಬಳೇ ಓಡಿಬಂದು ಮುಖಕ್ಕೆ ನೀರು ಸುರಿದವಳು, ಏನಮ್ಮಾ, ಸ್ನಾನ ಮಾಡಿಸ್ತೀಯಾ, ಎಂದು ಎದ್ದು ಕೂತು ನಗಿಸಿದವರು ಇವರೇ, ಆ ಅಡ್ಡಹೆಸರು ಅಂಟಿದ್ದು ಅವತ್ತೇ, ತಲೆ ತಗ್ಗಿಸಿ ನೀಲಿ ಮುಚ್ಚಳ ತಿರುಗಿಸುತ್ತ ನಿಂತಿದ್ದಳು ಪಾಪ, ಈ ವರ್ಷ ಸಂಶೋಧನೆಗೆಂದು ಇವರ ಹತ್ತಿರವೇ ಸೇರಿ, ಯಾರು ಏಳುತ್ತಾರೆಂದು ಬರೆದುಕೊಳ್ಳಲು ಮುಂದಿನ ಬೆಂಚಿನಲ್ಲಿ ಕೂತಿದ್ದಾಳೆ, ಏನೇ ಆದ್ರೂ ನೀನು ಏಳ್ಬಾರ್ದಮ್ಮ, ನೋಡೋರೇ ಎದ್ರೆ ಎಲ್ಲಾ ಕೆಟ್ಟೋಗುತ್ತೆ, ಎಂದು ಒಳಗೆ ಬರುವಾಗಲೂ ಹೇಳಿದ್ದರು. ಅವಳ ಕಣ್ಣು ಇವರ ವಾರೆಯಾದ ಬಾಯಿಯ ಮೇಲೆ ನಿಂತಿದೆ, ನಗುತ್ತಿಲ್ಲ ಅವಳು, ಗೊತ್ತಾಯಿತು, ಗೊತ್ತಾಗಿದೆ ಅವಳಿಗೆ, ಬಾರಮ್ಮಾ — ಲೇ ಆಂಬುಲೆನ್ಸ್, ಮತ್ತೆ ಮಂಗ ಆಗ್ಬೇಡ್ವೇ, ಪಕ್ಕದವಳು ತೋಳು ಹಿಡಿದಳು — ಕೈ ಬಾಟಲಿಯ ಮೇಲಿದೆ, ನೀಲಿ ಮುಚ್ಚಳ ಅರ್ಧ ಸುತ್ತು ಬಿಚ್ಚಿತು, ಬಿಗಿಯಿತು, ಬಾ, ಬಿಚ್ಚಿತು, ನೀಲಿ ಮುಚ್ಚಳ, ಬಿಗಿಯಿತು