ನಮ್ಮೋನ ಸರ್ವರ್

ಬೆಳಗಿನಿಂದ ಫೋನಿನ ಪರದೆ ಎಳೆದೆಳೆದು ಬೆರಳು ಸವೆಯಿತು. ನನ್ನ ಬ್ಲಾಗು ತೆರೆಯುತ್ತಿಲ್ಲ. ಬಂಗಾರಪೇಟೆಯ ಔಷಧಿ ಅಂಗಡಿಯಲ್ಲಿ ಬಿಲ್ ಹಾಕುವವಳು ನಾನು. ಅದೇ ಗುಂಗಿನಲ್ಲಿ ಯಾರಿಗೋ ಕೆಮ್ಮಿನ ಸಿರಪ್ಪಿನ ಬದಲು ಹೊಟ್ಟೆನೋವಿನದಕ್ಕೆ ಬಿಲ್ ಹಾಕಿ ಬೈಸಿಕೊಂಡೆ. ಬೈಯಲಿ. ನಾಳೆ ಮಾವನ ಮಗಳು ಅಂಬಿಕಳಿಗೆ ಅರಿಶಿನ. ಅಷ್ಟರೊಳಗೆ ಬ್ಲಾಗಿನಲ್ಲಿದ್ದ ಒಂದು ಹಾಡು ನನಗೆ ಬೇಕಿತ್ತು.

ಹಾಡು ನಮ್ಮಜ್ಜಿ ಅಮ್ಮಾಜಮ್ಮನದು. ಕ್ಯಾಸಂಬಳ್ಳಿಯ ಸುತ್ತ ಅಜ್ಜಿ ಬಾರದೆ ಯಾವ ಹೆಣ್ಣಿಗೂ ಅರಿಶಿನ ಹಚ್ಚುತ್ತಿರಲಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗು, ನಡುನಡುವೆ ಬೀಗರಿಗೆ ಬೈಗುಳ. ಹೋದ ವರ್ಷ ಲಕ್ವ ಹೊಡೆದು ಅಜ್ಜಿಯ ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಮಾತು ತೊದಲಾಯಿತು, ಹಾಡು ನಿಂತೇ ಹೋಯಿತು. ಅದಕ್ಕೂ ಮುಂಚೆ ನಾನು ಫೋನಿನಲ್ಲಿ ಹಿಡಿದು ಬ್ಲಾಗಿಗೆ ಹಾಕಿದ್ದ ಹಾಡುಗಳಷ್ಟೇ ಉಳಿದದ್ದು. ಆ ಫೋನೋ, ದನದ ಕಲಗಚ್ಚಿನ ಬಾನಿಯೊಳಗೆ ಬಿದ್ದು ಸತ್ತಿತ್ತು.

"ಅಜ್ಜಿ ಪದ ಆಕಿದ್ರೇನೇ ನಾನು ಅಸೆಮಣೆ ಮೇಲೆ ಕೂರಾದು," ಎಂದು ಅಂಬಿಕ ಹಟ ಹಿಡಿದಿದ್ದಳು.

ಬ್ಲಾಗಿಗೆ ಇಂಟರ್ನೆಟ್ಟಿನಲ್ಲಿ ಜಾಗ ಬೇಕಾದಾಗ ನಾನು ಯಾರನ್ನೂ ವಿಚಾರಿಸಿರಲಿಲ್ಲ. ಚಿಕ್ಕಮ್ಮನ ಮಗ ವೆಂಕಿಗೆ ಊರಿಗಾಂನಲ್ಲಿ ಕಂಪ್ಯೂಟರ್ ಅಂಗಡಿ. ಯಾವುದೋ ಕಂಪನಿಯ ಸರ್ವರಿನಲ್ಲಿ ಒಟ್ಟಿಗೆ ಜಾಗ ಕೊಂಡು ಅಂಗಡಿಯವರಿಗೆ, ಟ್ಯೂಷನ್‌ನವರಿಗೆ ಹಂಚುತ್ತಿದ್ದ. ನಮ್ಮವನೇ ಇರುವಾಗ ಹೊರಗಿನವರ ಹತ್ತಿರ ಹೋಗುವುದುಂಟೇ? ನಮ್ಮ ಕಡೆ ಹಸು ಕೊಳ್ಳುವವರು ಎರಡು ಹೊತ್ತು ಹಾಲು ಕರೆದು ನೋಡದೆ ಮುಂಗಡ ಕೊಡುವುದಿಲ್ಲ. ಮಾರುವವನು ನೆಂಟನಾದರೆ ಮಾತ್ರ ಕೆಚ್ಚಲು ಮುಟ್ಟುವುದೂ ಅವಮಾನ. ಸುಮ್ಮನೆ ಹಗ್ಗ ಹಿಡಿದು ಹೊಡೆದುಕೊಂಡು ಬರಬೇಕು. ನಾನೂ ಹಾಗೇ ಬಂದೆ. ಇನ್ನೊಂದು ಪ್ರತಿ ಎಲ್ಲಿಡುತ್ತೀಯ, ಕೆಟ್ಟರೆ ಯಾರು ಹೊಣೆ ಎಂದು ಕೇಳಲಿಲ್ಲ. ಆಮೇಲೆ ಬ್ಲಾಗು ಆಗಾಗ ಮಲಗತೊಡಗಿದಾಗಲೂ ಬೇರೆ ಕಂಪನಿಗಳ ವಿವರವನ್ನು ಕದ್ದು ಓದುತ್ತಿದ್ದೆ, ವೆಂಕಿ ನೊಂದುಕೊಂಡಾನೆಂದು ಸುಮ್ಮನಾಗುತ್ತಿದ್ದೆ.

ಅವನ ಫೋನೂ ಸ್ವಿಚ್ ಆಫ್ ಆಗಿತ್ತು. ಮಧ್ಯಾಹ್ನ ತಲೆನೋವೆಂದು ಸುಳ್ಳು ಹೇಳಿ ಊರಿಗಾಂ ಬಸ್ಸು ಹತ್ತಿದೆ. ಡ್ರೈವರು ಸಿಕ್ಕಸಿಕ್ಕಲ್ಲಿ ನಿಲ್ಲಿಸುತ್ತಿದ್ದರೆ ಇಳಿದು ಓಡಿಬಿಡೋಣ ಅನಿಸುತ್ತಿತ್ತು.

ವೆಂಕಿಯ ಅಂಗಡಿಯ ಷಟರ್ ಅರ್ಧ ಎಳೆದಿತ್ತು. ಬಗ್ಗಿ ಒಳಗೆ ಹೋದೆ.

"ಲೇ ವೆಂಕಿ, ಫೋನ್ ಯಾಕ್ಲಾ ಆಫ್ ಮಾಡ್ಕಂಡಿದ್ದೀಯ?"

ಅವನು ಮುಖ ಎತ್ತಲಿಲ್ಲ. "ಕಾಫಿ ತರಿಸ್ಲಾ ಅಕ್ಕ?"

"ನಿನ್ ಕಾಫಿಗೆ ಬೆಂಕಿ ಬೀಳ! ಅಜ್ಜಿ ಪದ ಎಲ್ಲೋದ್ವು?"

"ಆ ಕಂಪನಿ ಮುಚ್ಚೋಯ್ತಕ್ಕ. ಎಲ್ಲಾ ಎತ್ಕಳಿ ಅಂತ ಮುಂಚೇನೇ ಏಳಿದ್ರು. ನಿನ್ ಬರವಣಿಗೆ, ಫೋಟೋ ಎತ್ತಿಟ್ಟಿದ್ದೀನಿ. ಪದಗಳು ದೊಡ್ಡ ದೊಡ್ಡ ಫೈಲು, ನಮ್ ನೆಟ್‌ನಾಗೆ ಇಳೀಲೇ ಇಲ್ಲ. ಇವತ್ತು ಇಳಿಸ್ತೀನಿ, ನಾಳೆ ಇಳಿಸ್ತೀನಿ ಅಂದ್ಕಂಡೆ. ಅಷ್ಟ್ರಾಗೆ ಅಳಿಸ್ಬುಟ್ರು."

"ನಂಗೊಂದ್ ಮಾತು ಏಳಾಕೆ ಏನಾಗಿತ್ತು ರೋಗ?"

"ಎಂಗ್ ಏಳ್ಲಿ? ನೀನು ಒಂದಿನಾನೂ ಏನೂ ಕೇಳ್ಲಿಲ್ಲ. ಅಷ್ಟು ನಂಬ್ಕಂಡಿದ್ದೀಯ ಅಂತ ಬಾಯೇ ಬರ್ನಿಲ್ಲ ಅಕ್ಕ." ಅವನ ಕಣ್ಣು ತುಂಬಿತು. "ನಂಗೂ ಅಜ್ಜಿ ಅಲ್ವಾ?"

ಕೆನ್ನೆಗೆ ಬಾರಿಸಬೇಕೆಂದು ಎತ್ತಿದ ಕೈ ಹಾಗೇ ಕೆಳಗಿಳಿಯಿತು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗವಿಲ್ಲ ಅನ್ನುತ್ತಾರೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಕೂತು ಅಜ್ಜಿಯ ದನಿಯನ್ನು ಮಣ್ಣುಪಾಲು ಮಾಡಿದ್ದೆವು.

ಅಲ್ಲಿಂದ ಕ್ಯಾಸಂಬಳ್ಳಿಗೆ ಹೋದರೆ, ಮಾವನ ಮನೆಯಲ್ಲಿ ಚಪ್ಪರ ಎದ್ದಿತ್ತು. ಅಜ್ಜಿ ನಡುಮನೆಯ ಮಂಚದ ಮೇಲೆ ಕೂತು ಚೆನ್ನಾಗಿದ್ದ ಒಂದೇ ಕೈಯಲ್ಲಿ ವೀಳ್ಯದೆಲೆ ಒರೆಸುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಹೇಳುತ್ತಾ ನನಗೇ ಅಳು ಬಂತು.

ಅಜ್ಜಿ ಎಲೆ ಕೆಳಗಿಟ್ಟಳು. ಒಂದೊಂದೇ ಮಾತು ಕಷ್ಟಪಟ್ಟು ಹೊರಗೆ ಬಂತು. "ಓಗ್ಲಿ ಬುಡು. ಯೆಂಕೀನ... ಬೈಬ್ಯಾಡ. ನಮ್ಮೋನು."

ನನಗೆ ಮೈ ಉರಿದುಹೋಯಿತು. ಕಳೆದುಹೋದದ್ದು ಇವಳ ದನಿ. ಇವಳಿಗೂ ಅದೇ ದಾಕ್ಷಿಣ್ಯ! ಅವಳ ಎದುರೇ ಕೂತು, ಎಷ್ಟೋ ದಿನದಿಂದ ಕದ್ದು ನೋಡುತ್ತಿದ್ದ ಬೇರೆ ಕಂಪನಿಗೆ ಫೋನು ಹಚ್ಚಿದೆ. ಯಾರೋ ಹುಡುಗಿ ಎತ್ತಿದಳು. ಜಗಳಕ್ಕೆ ನಿಂತವಳಂತೆ ಕೇಳಿದೆ. ದಿನಾ ಇನ್ನೊಂದು ಪ್ರತಿ ತೆಗೀತೀರಾ? ಅದನ್ನ ಬೇರೆ ಕಡೆ ಇಡ್ತೀರಾ? ಕೆಟ್ಟರೆ ಫೋನಿಗೆ ಮನುಷ್ಯರು ಸಿಗ್ತಾರಾ? ಅಂಗಡಿ ಮುಚ್ಚೋದಾದ್ರೆ ನನಗೇ ತಿಳಿಸ್ತೀರಾ? ಅವಳು ಬೇಜಾರಿಲ್ಲದೆ ಒಂದೊಂದಕ್ಕೂ ಉತ್ತರ ಕೊಟ್ಟಳು. ಕೇಳುವುದು ಇಷ್ಟು ಸುಲಭವಿತ್ತೇ! ಅಲ್ಲೇ ಹಣ ಕಟ್ಟಿದೆ.

"ನಿಮ್ಮ ಜಾಗ ರೆಡಿ ಮೇಡಂ. ಆಡಿಯೋ ಈಗಲೇ ಹಾಕಬಹುದು. ಎಷ್ಟಿದೆ ಮೇಡಂ ನಿಮ್ಮ ಹತ್ತಿರ?"

ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ನೆಟ್ಟಗಿದ್ದ ಕಡೆಯ ತುಟಿ ಅಲುಗಿತು, ದನಿ ಬರಲಿಲ್ಲ.

"ಹಲೋ ಮೇಡಂ? ಎಷ್ಟಿದೆ?"

"ಇಲ್ಲ," ಎಂದೆ. "ಏನೂ ಇಲ್ಲ."