ಏರು ಹತ್ತದ ವ್ಯಾನು

ಬಾನೆಟ್ಟಿನ ಕೆಳಗೆ ತಲೆ ಹಾಕಿ ಟರ್ಬೊದ ಪೈಪನ್ನು ಬೆರಳಿನಿಂದ ಸವರುತ್ತಿದ್ದವಳಿಗೆ ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು. ಮೊದಲು ಚಿಕ್ಕದಾಗಿ, ಆಮೇಲೆ ಉದ್ದಕ್ಕೆ ಎಳೆದು. ತಿರುಗಿ ನೋಡುವ ಅಗತ್ಯವೇ ಬೀಳಲಿಲ್ಲ. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ, ಉಪ್ಪು ಕಡಿಮೆಯಾಯಿತೆಂದು ತಟ್ಟೆ ತಳ್ಳುವ ಮೊದಲು, ಭಾವ ಗಂಟಲು ಸರಿಮಾಡಿಕೊಳ್ಳುತ್ತಿದ್ದುದು ಹೀಗೆಯೇ.

ಗ್ಯಾರೇಜಿನಲ್ಲಿ ಎಲ್ಲರೂ ಅವಳನ್ನು ಮೇಸ್ತ್ರಿ ಎನ್ನುತ್ತಿದ್ದರು. ಮನೆಯಲ್ಲಿ ಅವಳು ಬರೀ ತಂಗಿ. ಊರಿನ ಗ್ಯಾರೇಜುಗಳನ್ನೆಲ್ಲ ಸುತ್ತಿದರೂ ಗುಣವಾಗದ ವ್ಯಾನೊಂದು ಬರುತ್ತದೆ, ನೀನೇ ನೋಡಬೇಕು ಎಂದು ಮಾಲೀಕರು ಬೆಳಿಗ್ಗೆಯೇ ಹೇಳಿದ್ದರು. ಬಿಳಿಯದಾಗಿದ್ದ ಭಾವನ ವ್ಯಾನಿಗೆ ಈಗ ನೀಲಿ ಬಣ್ಣ ಬಂದಿತ್ತು. ಹಾಗಾಗಿ ಗುರುತು ಸಿಕ್ಕಿರಲಿಲ್ಲ. ಈಗ ಪಕ್ಕಕ್ಕೆ ಬಂದು ನೋಡಿದರೆ, ಜಾರುವ ಬಾಗಿಲಿನ ಅಂಚಿನಲ್ಲಿ ಆ ತಗ್ಗು ಹಾಗೆಯೇ ಇತ್ತು. ಬಣ್ಣ ಅದರೊಳಗೂ ಇಳಿದು ಒಣಗಿತ್ತು.

ಅಕ್ಕ ಆ ದಿನ ವ್ಯಾನು ಹತ್ತುವುದಿಲ್ಲವೆಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹೊಲಿಗೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂರು ಎನ್ನುವುದು ಅವನ ಹಟ, ಮುಚ್ಚುವುದಿಲ್ಲ ಎನ್ನುವುದು ಅವಳದು. ಭಾವ ಮಾತು ನಿಲ್ಲಿಸಿ ಬಾಗಿಲು ಎಳೆದ. ಅಕ್ಕನ ಬಲಗೈ ಅಲ್ಲೇ ಇತ್ತು. ಬೆರಳು ಮುರಿದವು, ಬಾಗಿಲಿನ ಅಂಚಿಗೆ ಆ ತಗ್ಗು ಬಿತ್ತು. ಆಸ್ಪತ್ರೆಯಲ್ಲಿ, ಅವಳೇ ಬಾಗಿಲಿಗೆ ಕೈ ಒಡ್ಡಿದಳು ಎಂದ. ಆಮೇಲೆ ಬೀದಿಗೆಲ್ಲ, ಅವಳಿಗೆ ತಲೆ ಸರಿಯಿಲ್ಲ, ಅದಕ್ಕೇ ಹಾಗೆ ಮಾಡಿಕೊಂಡಳು ಎಂದು ಹೇಳಿಕೊಂಡು ಬಂದ. ಜನ ನಂಬಿದರು, ಅವನ ಮಾತು ಅಷ್ಟು ನಯ. ಅಕ್ಕ ತಂಗಿಯ ಎರಡು ಕೋಣೆಯ ಮನೆಗೆ ಬಂದು ಸೇರಿದಳು. ಮಡಚಲು ಬಾರದ ಬೆರಳುಗಳಿಂದ ಕತ್ತರಿ ಹಿಡಿಯುವುದನ್ನು ಮೊದಲಿನಿಂದ ಕಲಿತಳು.

"ನೀನಿಲ್ಲಿದ್ದೀಯ ಅಂತ ಗೊತ್ತಿರಲಿಲ್ಲಮ್ಮ," ಎಂದ ಭಾವ. ಮುಖದಲ್ಲಿ ನಗುವಿನ ಹಾಗೆ ಏನೋ ಒಂದು ತಂದುಕೊಂಡಿದ್ದ.

"ಗಾಡಿಗೆ ಏನಾಗಿದೆ ಹೇಳಿ, ಡ್ರೈವರೇ," ಎಂದಳು ತಂಗಿ.

ಅವನು ಹೇಳಿದ. ಗುಡ್ಡದ ಮೇಲಿನ ಕಾರ್ಖಾನೆಗೆ ಆಳುಗಳನ್ನು ಸಾಗಿಸುವ ಕೆಲಸ. ಸಮತಟ್ಟು ರಸ್ತೆಯಲ್ಲಿ ಗಾಡಿ ಕುದುರೆಯ ಹಾಗೆ ಓಡುತ್ತದೆ. ಏರು ಸಿಕ್ಕಿತೋ, ಅರ್ಧಕ್ಕೆ ಪಿಕಪ್ ಬಿಟ್ಟು ಮೈಗಳ್ಳನ ಹಾಗೆ ಕೂತುಬಿಡುತ್ತದೆ. ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯ, ಅಂದರೆ ಮ್ಯಾನಿಫೋಲ್ಡಿನ, ಸೆನ್ಸರ್ ಹಾಳಾಗಿದೆ ಎಂದು ಒಬ್ಬ ಹೊಸದು ಹಾಕಿದ. ಅದಲ್ಲ, ಟರ್ಬೊನೇ ಹೋಗಿದೆ ಎಂದು ಇನ್ನೊಬ್ಬ ಅದನ್ನೂ ಬದಲಾಯಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತೇ ವಿನಾ ಗಾಡಿ ಏರು ಹತ್ತಲಿಲ್ಲ.

ತಂಗಿ ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಸಿಕ್ಕಿಸಿ ಇಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿದಳು. ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿ ತುರುಕುವ ಪಂಪು. ಎಷ್ಟು ಗಾಳಿ ತುರುಕಿತೆಂದು ಆ ಪುಟ್ಟ ಸೆನ್ಸರ್ ಕಂಪ್ಯೂಟರಿಗೆ ಚಾಡಿ ಹೇಳುತ್ತಿರುತ್ತದೆ. ಇಂಜಿನ್ ನಿಂತಿರುವಾಗ ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ವ್ಯತ್ಯಾಸವೇ ಇರಬಾರದು. ಆದರೆ ಸ್ಕ್ಯಾನರಿನಲ್ಲಿ ಒಳಗಿನ ಒತ್ತಡ ತುಸು ಹೆಚ್ಚು ಕಾಣಿಸಿತು. ಹೆಡ್‌ಲೈಟು ಹಾಕಿ, ಫ್ಯಾನು ತಿರುಗಿಸಿದಳು. ಅಂಕಿ ಇನ್ನಷ್ಟು ಮೇಲೆ ಹೋಯಿತು. ಲೈಟಿಗೂ ಗಾಳಿಗೂ ಎಲ್ಲಿಯ ಸಂಬಂಧ? ಬ್ಯಾಟರಿಯ ಅಡಿಗೆ ಕೈ ಹಾಕಿ ತಡವಿದಳು. ಅರ್ತಿಂಗ್ ವೈರನ್ನು ಬಿಗಿದ ಬೋಲ್ಟು ಹಸಿರುಗಟ್ಟಿ ಬೆರಳಿಗೆ ಪುಡಿಪುಡಿಯಾಗಿ ಹತ್ತಿತು. ಅಷ್ಟೇ ಕಾಯಿಲೆ. ಅರ್ತಿಂಗ್ ಕೆಟ್ಟಿದ್ದರಿಂದ ಸೆನ್ಸರ್ ಇಲ್ಲದ ಒತ್ತಡವನ್ನು ಇದೆ ಎನ್ನುತ್ತಿತ್ತು. ಏರಿನಲ್ಲಿ ಅದು ಮಿತಿ ಮೀರಿದಂತೆ ಕಂಡಾಗ ಕಂಪ್ಯೂಟರ್ ಇಂಜಿನ್ ಒಡೆದೀತೆಂದು ಹೆದರಿ ಡೀಸೆಲ್ ಕಡಿತ ಮಾಡುತ್ತಿತ್ತು. ಮರಳು ಕಾಗದದಿಂದ ತಿಕ್ಕಿ ಬಿಗಿದರೆ, ಒಂದು ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ.

ತಂಗಿ ಕೈ ಹೊರಗೆ ತೆಗೆದು ಬಟ್ಟೆಯಿಂದ ಒರೆಸಿಕೊಂಡಳು. ಬಾಗಿಲಿನ ತಗ್ಗಿನ ಕಡೆ ಇನ್ನೊಮ್ಮೆ ನೋಡಿದಳು. ಆಮೇಲೆ ಬೋಲ್ಟನ್ನು ಮುಟ್ಟದೆ, ಸೆನ್ಸರನ್ನು ಬಿಚ್ಚಿ, ಅವನೆದುರೇ ನಿಧಾನಕ್ಕೆ ತೊಳೆದು, ಮತ್ತೆ ಕೂರಿಸಿ, ಕಂಪ್ಯೂಟರಿನಲ್ಲಿದ್ದ ದೋಷವನ್ನು ಅಳಿಸಿ ಕಳಿಸಿಕೊಟ್ಟಳು. ಇಳಿಜಾರಿನಲ್ಲಿ ವ್ಯಾನು ಹಗುರಾಗಿ ಹಾರಿಹೋಯಿತು. ಅದು ಎಲ್ಲಿ ನಿಲ್ಲುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು.

ಅವನು ವಾಪಸು ಬಂದ. ಈ ಸಲ ಮುಖದಲ್ಲಿ ನಗು ಇರಲಿಲ್ಲ. ತಂಗಿ ಅವನನ್ನು ಬಿಸಿಲಿನಲ್ಲಿ ಹಳೆಯ ಟೈರಿನ ಮೇಲೆ ಕೂರಿಸಿ, ಬೇರೆ ಎಲ್ಲ ಗಾಡಿಗಳನ್ನು ಮುಗಿಸಿ, ಕೊನೆಗೆ ಅವನ ವ್ಯಾನಿಗೆ ಕೈ ಹಾಕಿದಳು. ಗಾಳಿಯ ಪೈಪುಗಳನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರಡಿ, ಸೋಪಿನ ನೀರು ಹಚ್ಚಿ, ಒಳಗೆ ಗಾಳಿ ಬಿಟ್ಟು, ಗುಳ್ಳೆ ಬರುತ್ತದೋ ನೋಡಿ ಎಂದು ಅವನನ್ನೇ ಮೊಣಕಾಲೂರಿಸಿ ಕೂರಿಸಿದಳು. ಬಿಳಿ ಅಂಗಿ ಮಸಿಯಾಯಿತು. ಗುಳ್ಳೆ ಬರಲಿಲ್ಲ, ಬರುವುದೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅವನು ಕತ್ತೆತ್ತಿ, ಇನ್ನೂ ನೋಡಬೇಕಾ ಎಂದು ಕೇಳಿದಾಗ, ಸರಿಯಾಗಿ ನೋಡಿ, ಕಣ್ಣು ತಪ್ಪಿರುತ್ತೆ ಎಂದಳು. ಹೊಟ್ಟೆಯೊಳಗೆ ಎಷ್ಟೋ ವರ್ಷದ ಉರಿಯ ಮೇಲೆ ತಣ್ಣೀರು ಹೊಯ್ದ ಹಾಗಾಯಿತು. ಆದರೆ ಅವನು ಗಾಡಿ ಹತ್ತಿ ಹೋದ ಮೇಲೆ ಉರಿ ಮತ್ತೆ ಎದ್ದಿತು, ಮೊದಲಿಗಿಂತ ಜೋರಾಗಿ. ಇನ್ನೊಮ್ಮೆ ಬರಲಿ ಅನ್ನಿಸಿತು.

ಬಂದ. ಮತ್ತೂ ಬಂದ. ಆಳುಗಳು ಏರಿನ ಮಧ್ಯೆ ಇಳಿದು ನಡೆದುಕೊಂಡು ಹೋಗಿದ್ದರಂತೆ. ಅವರಲ್ಲಿ ಒಬ್ಬಳು ಬಸುರಿ. ಕಾರ್ಖಾನೆಯವರು ಬೇರೆ ಗಾಡಿ ನೋಡುತ್ತೇವೆ ಎಂದಿದ್ದಾರಂತೆ. ಬಸುರಿಯ ಮಾತು ಬಂದಾಗ ತಂಗಿಯ ಕೈಯಲ್ಲಿದ್ದ ಸ್ಪ್ಯಾನರ್ ಕ್ಷಣ ನಿಂತಿತು. ಅಷ್ಟೇ. ಅವನು ಅವಳನ್ನು ಮೇಸ್ತ್ರಿ ಎನ್ನತೊಡಗಿದ್ದ. ಆಮೇಲೆ ಬಹುವಚನಕ್ಕೆ ಇಳಿದ. ಮಾಲೀಕರು ಒಂದು ಸಂಜೆ ಹತ್ತಿರ ಬಂದು, ನಿನ್ನ ಕೈಗೆ ಸಿಗದ ಕಾಯಿಲೆ ನಾನು ನೋಡಿಲ್ಲವಲ್ಲ, ಇದೇನು ಹೊಸತು ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದರು. ಅವರಿಗೆ ಏನೋ ಅನುಮಾನ ಬಂದಿತ್ತು.

ಆ ಸಂಜೆಯೇ ತಂಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಉಡುಗೊರೆ ಕೊಡುವವಳ ಹಾಗೆ, ಅವನ ಮೊಣಕಾಲು, ಮಸಿ ಮೆತ್ತಿದ ಅಂಗಿ, ಬಹುವಚನ, ಒಂದೂ ಬಿಡದೆ ಬಣ್ಣ ಕಟ್ಟಿ ಹೇಳಿದಳು. ಅಕ್ಕ ನಗಬಹುದು, ಇಲ್ಲವೇ ಅಳಬಹುದು ಎಂದುಕೊಂಡಿದ್ದಳು. ಅಕ್ಕ ಬಟ್ಟೆಗೆ ಪಿನ್ನು ಚುಚ್ಚುವುದನ್ನು ನಿಲ್ಲಿಸಲಿಲ್ಲ.

"ನಾಳೆ ಬರ್ತಾನಾ?" ಎಂದಳು ಕೊನೆಗೆ.

"ಬರದೆ ಎಲ್ಲಿಗೆ ಹೋಗ್ತಾನೆ? ಮಧ್ಯಾಹ್ನದೊಳಗೆ ಬರ್ತಾನೆ ನೋಡು."

"ನೀನು ಕಾಯ್ತಿರ್ತೀಯ."

ತಂಗಿ ಉಗುರಿನ ಸಂದಿಯ ಗ್ರೀಸು ಕೆರೆದಳು.

"ನಾನೂ ಹಾಗೇ ಇದ್ದೆ," ಎಂದಳು ಅಕ್ಕ. "ಯಾವಾಗ ಬರ್ತಾನೆ, ಬಂದರೆ ಮುಖ ಹೇಗಿರುತ್ತೆ, ಬೆಳಗಾದರೆ ಅದೊಂದೇ ಯೋಚನೆ. ಅದು ತಪ್ಪಲಿ ಅಂತ ಈ ಮನೆಗೆ ಬಂದೆ. ಈಗ ನೀನು ಶುರು ಮಾಡಿದೀಯ."

"ಹಾಗಾದರೆ ಅವನು ಮಾಡಿದ್ದು?"

"ಅವನಿಗೆ ಒಳ್ಳೇದಾಗಲಿ ಅಂತ ನಾನು ಹೇಳ್ತಿಲ್ಲ. ಹಾಳಾಗಿ ಹೋಗಲಿ. ಆದರೆ ಹೋಗಲಿ. ಗಾಡಿ ಕೆಟ್ಟಿರೋವಷ್ಟು ದಿನ ಅವನು ನಮ್ಮ ಬಾಗಿಲಿಗೆ ಬರ್ತಾನೇ ಇರ್ತಾನೆ. ಊಟಕ್ಕೆ ಕೂತರೆ ಅವನ ಮಾತೇ ಬರುತ್ತೆ. ಸರಿ ಮಾಡಿ ಕಳಿಸು."

ಪಿನ್ನೊಂದು ಅವಳ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ತಂಗಿ ಬಗ್ಗುವ ಮೊದಲೇ ಅಕ್ಕ ತಾನೇ ಬಗ್ಗಿ ಎಡಗೈಯಿಂದ ಹೆಕ್ಕಿಕೊಂಡಳು.

ಮರುದಿನ ಭಾವ ಬಂದಾಗ ತಂಗಿ ಅವನನ್ನು ಕಾಯಿಸಲಿಲ್ಲ. ಬ್ಯಾಟರಿ ಎತ್ತಿಟ್ಟು, ಬೋಲ್ಟು ಬಿಚ್ಚಿ, ಲೋಹ ಹೊಳೆಯುವವರೆಗೆ ತಿಕ್ಕಿ, ಬಿಗಿದು, ಗ್ರೀಸು ಮೆತ್ತಿದಳು. ಹಲ್ಲು ಕಚ್ಚಿಕೊಂಡೇ ತಿಕ್ಕಿದಳು. ಲೈಟು ಹಾಕಿ, ಫ್ಯಾನು ಹಾಕಿ ನೋಡಿದಳು. ಒಳಗಿನ ಒತ್ತಡವೂ ಹೊರಗಿನದೂ ಒಂದೇ ಆಗಿ ಅಲುಗಾಡದೆ ನಿಂತವು. ಆದರೂ ಏರಿನಲ್ಲಿ ಓಡಿಸಿ ನೋಡದೆ ಗಾಡಿ ಬಿಟ್ಟುಕೊಡುವ ಪದ್ಧತಿ ಅವಳದಲ್ಲ. ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಅವನ ಪಕ್ಕದ ಸೀಟಿನಲ್ಲಿ ಕೂತಳು.

ಊರು ದಾಟಿದ ಮೇಲೆ ಗುಡ್ಡ ಎದ್ದಿತು. ಒತ್ತಿ ಎಂದರೆ ಅವನು ಆಕ್ಸಿಲರೇಟರ್ ಒತ್ತಿದ, ಬಿಡಿ ಎಂದರೆ ಬಿಟ್ಟ. ಗೇರು ಇಳಿಸಬೇಡಿ ಎಂದರೆ ಇಳಿಸಲಿಲ್ಲ. ಕಂಪ್ಯೂಟರ್ ಕೇಳಿದಷ್ಟು ಒತ್ತಡವನ್ನು ಟರ್ಬೊ ಕೊಡುತ್ತಿತ್ತು, ಕೊಟ್ಟಷ್ಟನ್ನೇ ಸೆನ್ಸರ್ ಹೇಳುತ್ತಿತ್ತು. ಆಳುಗಳು ಇಳಿದು ನಡೆದ ತಿರುವನ್ನು ವ್ಯಾನು ಒಂದೇ ಉಸಿರಿಗೆ ದಾಟಿತು. ಭಾವನ ಮುಖ ಅರಳಿತು. ನಿನ್ನ ಕೈಗುಣ ದೊಡ್ಡದು, ನಿಮ್ಮಕ್ಕನಿಗೂ ಹೇಳು, ಹಳೆಯದನ್ನೆಲ್ಲ ಮರೆಯಲಿ ಎಂದು ಏನೇನೋ ಹೇಳತೊಡಗಿದ. ಬಹುವಚನ ಆಗಲೇ ಬಿದ್ದುಹೋಗಿತ್ತು.

ಗುಡ್ಡದ ನೆತ್ತಿಯಲ್ಲಿ ತಂಗಿ ನಿಲ್ಲಿಸಲು ಹೇಳಿದಳು. ಸ್ಕ್ಯಾನರ್ ಕಿತ್ತು, ವೈರು ಸುತ್ತಿ, ಬಾಗಿಲು ತೆರೆದು ಒಂದು ಕಾಲನ್ನು ಕೆಳಗಿಟ್ಟಳು.

"ಬರೀ ಒಂದು ಬೋಲ್ಟು, ಡ್ರೈವರೇ. ಮೊದಲನೇ ದಿನವೇ ನನ್ನ ಕೈಗೆ ಸಿಕ್ಕಿತ್ತು."

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ಗೊತ್ತಿದ್ದೂ ನನ್ನ ಇಷ್ಟು ಅಲೆಸಿದೆಯಾ?"

"ಗೊತ್ತಿದ್ದೂ ಅಲೆಸಿದೆ. ಅವಳ ಕೈ ಅಲ್ಲಿರೋದು ಗೊತ್ತಿದ್ದೂ ನೀವು ಬಾಗಿಲು ಎಳೆದ ಹಾಗೆ."

ಅವನು ಗಂಟಲು ಸರಿಮಾಡಿಕೊಂಡ. ಮಾಲೀಕರ ಹತ್ತಿರ ಹೋಗುತ್ತೇನೆ, ನಿನ್ನ ಕೆಲಸ ಕಳೆಯುತ್ತೇನೆ ಎಂದ. ಹೋಗಿ, ಅವರೂ ಇದನ್ನೇ ತಿಳಿಯಲು ಕಾಯುತ್ತಿದ್ದಾರೆ ಎಂದಳು ತಂಗಿ. ಆಮೇಲೆ ಸಣ್ಣ ದನಿಯಲ್ಲಿ, ಕೈ ಸಿಕ್ಕಿದ್ದು ಆಕಸ್ಮಿಕ ಎಂದ. ಯಾರಿಗೆ ಹೇಳುತ್ತಿದ್ದಾನೆಂದು ಅವನಿಗೂ ತಿಳಿದಂತೆ ಕಾಣಲಿಲ್ಲ. ಎರಡು ಕೈಯಲ್ಲೂ ಸ್ಟೀರಿಂಗು ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದ. ಆ ಕೈ ತನ್ನ ಮೇಲೆ ಎದ್ದೀತೆಂದು ಅವಳು ಕಾದಳು. ಏಳಲಿಲ್ಲ. ಅವಳು ಇಳಿದು ಬಾಗಿಲು ಹಾಕಿದಳು. ವ್ಯಾನು ಕಾರ್ಖಾನೆಯ ಕಡೆಗೆ ತಿರುಗಿ ಮರೆಯಾಯಿತು.

ನಾಳೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಊರಿಗೆ ಇಳಿಯುವ ದಾರಿ ಉದ್ದವಿತ್ತು. ತಂಗಿ ಸ್ಕ್ಯಾನರನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯತೊಡಗಿದಳು. ಮೊದಲ ತಿರುವಿನಲ್ಲಿ ಜಲ್ಲಿ ತುಂಬಿದ ಲಾರಿಯೊಂದು ಎದುರಿನಿಂದ ಏರುತ್ತಾ ಬಂತು. ಅವಳು ಪಕ್ಕಕ್ಕೆ ಸರಿದು, ರೂಢಿಯಂತೆ, ಅದರ ಟರ್ಬೊ ಹಾಕುವ ಸಿಳ್ಳೆಗೆ ಕಿವಿ ಕೊಟ್ಟಳು. ಲಾರಿ ನೆತ್ತಿ ದಾಟಿ, ಎದ್ದ ಧೂಳೆಲ್ಲ ರಸ್ತೆಗೆ ಮರಳಿ ಕೂರುವವರೆಗೂ ಅಲ್ಲೇ ನಿಂತಿದ್ದಳು.