ಎಡಗಡೆಯ ಸೀಟು

ಸಣ್ಣ ಊರುಗಳ ನಡುವೆ ಹಾರುವ ಪುಟ್ಟ ವಿಮಾನಗಳಲ್ಲಿ ಅವನು ಹನ್ನೊಂದು ವರ್ಷದಿಂದ ಬಲಗಡೆಯ ಸೀಟಿನ ಸಹಪೈಲಟ್. ಎಡಗಡೆಯ ಕ್ಯಾಪ್ಟನ್ ಸೀಟಿಗೆ ಮುಂದಿನ ಸರದಿ ಅವನದೇ ಎಂದು ಎಲ್ಲರೂ ಹೇಳುತ್ತಿದ್ದರು. ಅಷ್ಟರಲ್ಲಿ ದೊಡ್ಡ ಕಂಪನಿಯೊಂದು ಅವನ ಕಂಪನಿಯನ್ನು ಕೊಂಡುಕೊಂಡಿತು. ಹಳೆಯ ಸೇವೆ ಲೆಕ್ಕಕ್ಕಿಲ್ಲ, ಹೊಸಬರಂತೆ ಸರದಿಯ ಕೊನೆಯಲ್ಲಿ ನಿಲ್ಲಬೇಕು ಎಂದಾಯಿತು.

ಅವನು ಮುಖ್ಯ ಪೈಲಟ್ ಬಳಿ ಹೋಗಿ ಅಂಗಲಾಚಿದ.

"ನಿಮ್ಮ ಕೆಲಸದಲ್ಲಿ ಒಂದು ಕಪ್ಪುಚುಕ್ಕೆಯೂ ಇಲ್ಲ. ಆದ್ರೆ ನನ್ನ ಕೈ ಕಟ್ಟಿಹಾಕಿದ್ದಾರೆ ಕಣ್ರೀ," ಎಂದರು ಅವರು.

ಮುಂದಿನ ವಾರ ಎಡಗಡೆಯ ಸೀಟಿಗೆ ಬಂದವನು ಅವನ ಹೆಂಡತಿಯ ತಮ್ಮ. ಆ ಮೈದುನನನ್ನು ಹುರಿದುಂಬಿಸಿ ಈ ವೃತ್ತಿಗೆ ಕಳಿಸಿದ್ದೇ ಇವನು. ಮೈದುನ ನೇರವಾಗಿ ಆ ದೊಡ್ಡ ಕಂಪನಿಗೇ ಸೇರಿ ಬೇಗನೆ ಕ್ಯಾಪ್ಟನ್ ಆಗಿದ್ದ.

"ಭಾವ, ನಾನು ಬೇರೆ ಡ್ಯೂಟಿ ಕೇಳ್ಲಾ?" ಎಂದ ಮೈದುನ, ತಲೆ ಎತ್ತದೆ.

"ಯಾಕೆ, ನನ್ನ ಜೊತೆ ಹಾರೋಕೆ ಭಯಾನಾ?" ಎಂದು ಅವನು ನಗಿಸಲು ನೋಡಿದ. ಇಬ್ಬರಿಗೂ ನಗು ಬರಲಿಲ್ಲ. "ಇವತ್ತು ತಪ್ಪಿಸಿದ್ರೆ ನಾಳೆ ಇದ್ದೇ ಇರುತ್ತೆ, ಬಿಡಪ್ಪ. ಶುರು ಮಾಡೋಣ್ವಾ, ಕ್ಯಾಪ್ಟನ್?"

ಆ ಕೊನೆಯ ಮಾತಿಗೆ ಮೈದುನನ ಮುಖ ಸಪ್ಪಗಾಯಿತು.

ದಾರಿಯುದ್ದಕ್ಕೂ ಗಾಳಿಗೆ ಹುಚ್ಚು ಹಿಡಿದಂತಿತ್ತು. ಇಳಿಯುವಾಗ ಮೈದುನ ಎಲ್ಲಾದರೂ ಎಡವಲಿ ಎಂದು ತನ್ನ ಮನಸ್ಸು ಕಾಯುತ್ತಿರುವುದು ಗೊತ್ತಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ವಿಮಾನ ಹೂವಿನಂತೆ ನೆಲ ಮುಟ್ಟಿತು.

ಮನೆಯಲ್ಲಿ ಹೆಂಡತಿ ಅಳುಕುತ್ತಲೇ ಕೇಳಿದಳು, "ಹೇಗೆ ಓಡಿಸಿದ ನಮ್ಮ ಹುಡುಗ?"

"ಚೆನ್ನಾಗಿ ಓಡಿಸ್ತಾನೆ ಕಣೇ."

ಅದು ನಿಜವೇ ಆಗಿತ್ತು. ಸಿಟ್ಟು ತೀರಿಸಿಕೊಳ್ಳಲು ಯಾರೊಬ್ಬರೂ ಸಿಗದೆ, ಅವನು ಶೂ ಕೂಡ ಬಿಚ್ಚದೆ ಹಾಗೇ ಕೂತುಬಿಟ್ಟ.